ಟಿವಿ ಪರದೆಯಾಗಿಯೇ ಇರಲಿ

(ಕೊಪ್ಪಳದಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಮನೆಯ ಟಿವಿ ಆನ್ ಮಾಡಿದ ಕೂಡಲೇ ಕಣ್ಣಿಗೆ ಮೊದಲು ಬೀಳುವುದು ಏನು? ನೀವು ನೋಡಬೇಕು ಅಂದುಕೊಂಡದ್ದೋ, ಇಲ್ಲ ಯಾರೋ ದುಡ್ಡು ಕೊಟ್ಟು ಅಲ್ಲಿ ಕೂರಿಸಿದ್ದೋ? ಇಂಟರ್‌ನೆಟ್ ಕಾರ್ಯಕ್ರಮ ನೋಡಲು ಟಿವಿಗೆ ಚುಚ್ಚುವ ಸ್ಟಿಕ್ ಇರಲಿ, ಬಾಕ್ಸ್ ಇರಲಿ, ಸ್ಮಾರ್ಟ್ ಟಿವಿಯೇ ಇರಲಿ, ಹೆಚ್ಚಿನವುಗಳಲ್ಲಿ ಹೋಮ್ ಸ್ಕ್ರೀನಿನ, ಅಂದರೆ ಮೊದಲು ತೆರೆಯುವ ಪುಟದ, ಮೇಲಿನ ಅರ್ಧ ಜಾಗ ಈಗ ಜಾಹೀರಾತಿನದು. ಎಷ್ಟೋ ಕಡೆ ಅದು ತಾನಾಗಿಯೇ ಓಡತೊಡಗುತ್ತದೆ. ಮನೆಯಲ್ಲಿ ಮೂರು ವರ್ಷದ ಕೂಸು ಕೂತಿರುತ್ತದೆ, ಪರದೆಯ ಮೇಲೆ ಕೊಲೆ, ರಕ್ತದ ಸೀರೀಸಿನ ಟ್ರೇಲರ್ ಬರುತ್ತಿರುತ್ತದೆ. ಯಾರೂ ಕೇಳಿದ್ದಲ್ಲ, ಯಾರೂ ಒತ್ತಿದ್ದಲ್ಲ. ನಮ್ಮ ದುಡ್ಡಿನಲ್ಲಿ ತಂದ ವಸ್ತು ನಮ್ಮ ಪಡಸಾಲೆಯಲ್ಲಿ ಕೂತು ಹೀಗೆ ಮಾಡುವುದನ್ನು ನಾವು ಸಹಿಸಿಕೊಳ್ಳಬೇಕಾಗಿಲ್ಲ. ಬೇರೆ ದಾರಿಗಳಿವೆ. ಅವು ಯಾವುವು, ನಮ್ಮ ಊರುಗಳಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತವೆ ಅನ್ನುವುದನ್ನು ಇವತ್ತು ಬಿಡಿಸಿ ಹೇಳುತ್ತೇನೆ.

ದುಡ್ಡು ಕೊಟ್ಟರೆ ಜಾಹೀರಾತು ಹೋಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ದಿನ ಇತ್ತು. ಅಮೆಜಾನ್ ಪ್ರೈಮ್ ವಿಡಿಯೊ ನಮ್ಮ ದೇಶದಲ್ಲಿ 2025ರ ಜೂನ್ 17ರಿಂದ ಚಂದಾದಾರರಿಗೂ ಜಾಹೀರಾತು ತೋರಿಸಲು ಶುರು ಮಾಡಿತು. ಬೇಡವೆಂದರೆ ಚಂದಾದ ಮೇಲೆ ತಿಂಗಳಿಗೆ ₹129 ಅಥವಾ ವರ್ಷಕ್ಕೆ ₹699 ಹೆಚ್ಚಿಗೆ ಕೊಡಬೇಕು. ಇದು ಕಾರ್ಯಕ್ರಮದ ನಡುವೆ ಬರುವ ಜಾಹೀರಾತಿನ ಮಾತು. ಸ್ಟಿಕ್ಕಿನ, ಟಿವಿಯ ಹೋಮ್ ಸ್ಕ್ರೀನಿನ ಜಾಹೀರಾತು ಬೇರೆಯದೇ. ಅದನ್ನು ತೆಗೆಸಲು ಬಹುತೇಕ ಕಂಪನಿಗಳು ಯಾವ ದರವನ್ನೂ ಇಟ್ಟಿಲ್ಲ.

ಜಾಹೀರಾತು ಕಣ್ಣಿಗೆ ಕಾಣುತ್ತದೆ, ಸಿಟ್ಟು ತರಿಸುತ್ತದೆ. ಕಾಣದೆ ನಡೆಯುವ ಕೆಲಸದ ಬಗ್ಗೆ ನನಗೆ ಅದಕ್ಕಿಂತ ಹೆಚ್ಚು ಚಿಂತೆ. ಅದರ ಹೆಸರು ಆಟೊಮ್ಯಾಟಿಕ್ ಕಂಟೆಂಟ್ ರೆಕಗ್ನಿಶನ್, ಚಿಕ್ಕದಾಗಿ ಎಸಿಆರ್. ಟಿವಿ ತನ್ನ ಪರದೆಯ ಮೇಲೆ ಏನು ಮೂಡುತ್ತಿದೆ ಅನ್ನುವುದನ್ನು ತಾನೇ ಚೂರು ಚೂರಾಗಿ ಹಿಡಿದು, ಆ ಚಿತ್ರ ಮತ್ತು ಸದ್ದಿನಿಂದ ಬೆರಳ ಗುರುತಿನಂಥ ಒಂದು ಗುರುತು ತಯಾರಿಸಿ, ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ, ಅಂದರೆ ಅವರ ದೊಡ್ಡ ಕಂಪ್ಯೂಟರಿಗೆ, ಕಳಿಸುತ್ತದೆ. ಅಲ್ಲಿ ಸಾವಿರಾರು ಕಾರ್ಯಕ್ರಮಗಳ ಗುರುತುಗಳು ಮೊದಲೇ ಇರುತ್ತವೆ. ಎರಡನ್ನೂ ತಾಳೆ ನೋಡಿದರೆ ಈ ಮನೆಯವರು ಯಾವ ಕಾರ್ಯಕ್ರಮ ನೋಡಿದರು, ಎಷ್ಟು ಹೊತ್ತಿಗೆ ಎದ್ದು ಬೇರೆಯದಕ್ಕೆ ಹೋದರು ಅನ್ನುವುದು ಸಿಗುತ್ತದೆ.

ಇದು ಕೋರ್ಟಿನ ದಾಖಲೆಗೆ ಹೋದ ವಿಷಯ. ಅಮೆರಿಕದ ವಿಜಿಯೊ ಅನ್ನುವ ಟಿವಿ ಕಂಪನಿ 1 ಕೋಟಿ 10 ಲಕ್ಷ ಟಿವಿಗಳಿಂದ, ಸೆಕೆಂಡ್ ಸೆಕೆಂಡಿನ ಲೆಕ್ಕದಲ್ಲಿ, ಸರಿಯಾಗಿ ಒಪ್ಪಿಗೆ ಕೇಳದೆ ಈ ಮಾಹಿತಿ ತೆಗೆದುಕೊಂಡಿತ್ತು. ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2017ರಲ್ಲಿ ಪ್ರಕರಣ ಹೂಡಿದಾಗ ಕಂಪನಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಭಾಗಿಸಿ ನೋಡಿ, ಒಂದು ಟಿವಿಗೆ 20 ಸೆಂಟ್. ಮುಂದೆ ಅದೇ ವಿಜಿಯೊವನ್ನು 230 ಕೋಟಿ ಡಾಲರ್ ಕೊಟ್ಟು ಕೊಂಡದ್ದು ವಾಲ್‌ಮಾರ್ಟ್, 2024ರ ಡಿಸೆಂಬರಿನಲ್ಲಿ. ಅಕ್ಕಿ, ಬೇಳೆ, ಬಟ್ಟೆ ಮಾರುವ ಅಂಗಡಿಗೆ ಟಿವಿ ಕಂಪನಿ ಯಾಕೆ ಬೇಕಾಯಿತು? ಜಾಹೀರಾತಿನ ವ್ಯಾಪಾರಕ್ಕಾಗಿ ಅಂತ ವಾಲ್‌ಮಾರ್ಟ್ ತಾನೇ ಹೇಳಿಕೊಂಡಿದೆ. ಟಿವಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದದ್ದಕ್ಕೆ ಇದೂ ಒಂದು ಕಾರಣ. ಮಾರುವಾಗ ಬಿಟ್ಟುಕೊಟ್ಟ ಲಾಭವನ್ನು ಆಮೇಲೆ ನಮ್ಮ ನೋಟದಿಂದ ವಸೂಲಿ ಮಾಡುತ್ತಾರೆ.

ಇನ್ನೊಂದು ಅಧ್ಯಯನವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಮುಂದೆ ಹೇಳುವ ಉಪಾಯವೆಲ್ಲ ಅದರ ಮೇಲೆ ನಿಂತಿದೆ. 2024ರಲ್ಲಿ ಲಂಡನ್, ಮ್ಯಾಡ್ರಿಡ್ ಮತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳನ್ನು ಬ್ರಿಟನ್ ಮತ್ತು ಅಮೆರಿಕದಲ್ಲಿ ಇಟ್ಟು, ಅವುಗಳಿಂದ ಇಂಟರ್‌ನೆಟ್ಟಿಗೆ ಹೊರಗೆ ಹೋಗುವ ಮಾಹಿತಿಯ ಹರಿವನ್ನು ಅಳೆದರು. ಅವರು ಕೊಡುವ ಲೆಕ್ಕದ ಪ್ರಕಾರ ಎಲ್‌ಜಿ 10 ಮಿಲಿಸೆಕೆಂಡಿಗೊಮ್ಮೆ, ಸ್ಯಾಮ್‌ಸಂಗ್ 500 ಮಿಲಿಸೆಕೆಂಡಿಗೊಮ್ಮೆ (ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡ್) ಪರದೆಯನ್ನು ಹಿಡಿಯುತ್ತವೆ. ನೆಟ್‌ಫ್ಲಿಕ್ಸ್, ಯೂಟ್ಯೂಬ್‌ನಂಥ ಆ್ಯಪ್ ಒಳಗಿದ್ದಾಗ ಈ ಕೆಲಸ ನಡೆಯಲಿಲ್ಲ. ಆದರೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ ಹಾಕಿ ಲ್ಯಾಪ್‌ಟಾಪನ್ನೋ ಗೇಮ್ ಬಾಕ್ಸನ್ನೋ ಜೋಡಿಸಿ, ಟಿವಿಯನ್ನು ಬರೀ ಪರದೆಯಾಗಿ ಬಳಸಿದಾಗಲೂ ಅದು ನಡೆಯಿತು! ಸೆಟ್ಟಿಂಗಿನಲ್ಲಿ ಒಪ್ಪಿಗೆ ಹಿಂದೆಗೆದುಕೊಂಡಾಗ ನಿಂತಿತು.

ಇದರಿಂದ ಏನು ತಿಳಿಯಬೇಕು ಅಂದರೆ, ನೀವು ಎಷ್ಟೇ ಒಳ್ಳೆಯ, ಎಷ್ಟೇ ಮುಕ್ತವಾದ, ಅಂದರೆ ನಮ್ಮಿಷ್ಟದಂತೆ ಬದಲಿಸಿಕೊಳ್ಳಬಹುದಾದ ಬಾಕ್ಸ್ ತಂದು ಹಾಕಿದರೂ, ಟಿವಿ ವೈಫೈಗೆ ಸೇರಿಕೊಂಡೇ ಇದ್ದರೆ ಆ ಬಾಕ್ಸಿನ ಚಿತ್ರವನ್ನೂ ಅದು ಓದಿ ಕಳಿಸಬಲ್ಲದು. ಸ್ಟಿಕ್ ಬದಲಿಸಿದವರೆಲ್ಲ ಇಲ್ಲಿಯೇ ಎಡವುತ್ತಾರೆ. ಬಾಕ್ಸ್ ಯಾವುದು ತರಲಿ ಅನ್ನುವ ಪ್ರಶ್ನೆ ಆಮೇಲೆ ಬರಲಿ, ಟಿವಿಗೆ ವೈಫೈ ಪಾಸ್‌ವರ್ಡ್ ಕೊಡದಿರುವುದು ಮೊದಲ ಕೆಲಸ. ಈಗಾಗಲೇ ಕೊಟ್ಟಿದ್ದರೆ ನೆಟ್‌ವರ್ಕ್ ಮೆನುವಿಗೆ ಹೋಗಿ ಅದನ್ನು ಮರೆಸಿ, ಅಥವಾ ಫ್ಯಾಕ್ಟರಿ ರಿಸೆಟ್ ಮಾಡಿ (ಕೊಂಡಾಗ ಇದ್ದ ಸ್ಥಿತಿಗೆ ತನ್ನಿ), ಮತ್ತೆ ಕೇಳಿದಾಗ ಸ್ಕಿಪ್ ಒತ್ತಿ. ಗೂಗಲ್ ಟಿವಿ ಅನ್ನುವ ಗೂಗಲಿನ ವ್ಯವಸ್ಥೆ ಇರುವ ಸೆಟ್‌ಗಳಲ್ಲಿ ಶುರುವಿನಲ್ಲೇ 'ಬೇಸಿಕ್ ಟಿವಿ' ಅನ್ನುವ ಆಯ್ಕೆ ಸಿಗುತ್ತದೆ, ಅದನ್ನು ಆರಿಸಿದರೆ ಇಂಟರ್‌ನೆಟ್ಟೂ ಇಲ್ಲ, ಗೂಗಲ್ ಖಾತೆಯೂ ಬೇಡ.

ಸಭೆಯಲ್ಲಿ ಒಬ್ಬ ಹಿರಿಯರು ಇಲ್ಲಿ ತಡೆದು ಕೇಳಿದರು: "ಹಂಗಾದ್ರ ಟಿವಿಗೆ ಅಪ್‌ಡೇಟ್ ಹೆಂಗ್ ಮಾಡೂದ್ರಿ ಸರ?" ಇಂಟರ್‌ನೆಟ್ಟೇ ಇಲ್ಲದ ಟಿವಿಗೆ ಅಪ್‌ಡೇಟಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಚಿತ್ರದಲ್ಲೋ ಸದ್ದಿನಲ್ಲೋ ದೋಷವಿದ್ದು ಕಂಪನಿ ಅದಕ್ಕೆ ಪರಿಹಾರ ಬಿಟ್ಟಿದ್ದರೆ, ಅವರ ವೆಬ್‌ಸೈಟಿನಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡು ಟಿವಿಗೆ ಹಾಕುವ ದಾರಿಯನ್ನು ದೊಡ್ಡ ಕಂಪನಿಗಳು ಕೊಡುತ್ತವೆ.

ಟಿವಿಯನ್ನು ಆನ್‌ಲೈನ್ ಇಡಲೇಬೇಕು ಅನ್ನುವವರು ಎಸಿಆರ್ ಒಂದನ್ನಾದರೂ ಆಫ್ ಮಾಡಿ. ಎಸಿಆರ್ ಅಂತ ಹುಡುಕಿದರೆ ಮೆನುವಿನಲ್ಲಿ ಸಿಗುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು 'ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್', ಎಲ್‌ಜಿಯಲ್ಲಿ 'ಲೈವ್ ಪ್ಲಸ್', ಕೆಲವು ಸೋನಿ ಸೆಟ್‌ಗಳಲ್ಲಿ 'ಸಾಂಬಾ ಇಂಟರಾಕ್ಟಿವ್ ಟಿವಿ'. ಕೇಳಿದರೆ ಏನೋ ಸೌಲಭ್ಯ ಕೊಡುವ ಹಾಗಿವೆ ಈ ಹೆಸರುಗಳು.

ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ನನ್ನ ವಯಸ್ಸಿನವರಿಗೆ ವಿಡಿಯೊ ಕ್ಯಾಸೆಟ್ ಹಾಕಿ ನೋಡುವ ವಿಸಿಪಿ ಯಂತ್ರ ಬಾಡಿಗೆಗೆ ತರುತ್ತಿದ್ದ ಕಾಲ ಗೊತ್ತು. ಓಣಿಯ ಜನ ದುಡ್ಡು ಕೂಡಿಸಿ, ಟಿವಿ, ವಿಸಿಪಿ, ನಾಲ್ಕು ಕ್ಯಾಸೆಟ್ ತಂದು, ಬೆಳಗಿನ ತನಕ ಪಿಚ್ಚರ್ ನೋಡುತ್ತಿದ್ದೆವು. ಯಾರು ಯಾವ ಕ್ಯಾಸೆಟ್ ಒಯ್ದರು ಅನ್ನುವುದು ಅಂಗಡಿಯವನ ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತಿತ್ತು. 1987ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಬೋರ್ಕ್ ಅನ್ನುವ ನ್ಯಾಯಾಧೀಶರ ಹೆಸರು ಅಲ್ಲಿನ ಸುಪ್ರೀಂ ಕೋರ್ಟಿಗೆ ಸೂಚಿತವಾದಾಗ, ಒಂದು ಪತ್ರಿಕೆಯವರು ವಿಡಿಯೊ ಅಂಗಡಿಯಿಂದ ಅವರ ಮನೆಯವರು ಬಾಡಿಗೆಗೆ ಒಯ್ದ ಕ್ಯಾಸೆಟ್‌ಗಳ ಪಟ್ಟಿ ತಂದು ಅಚ್ಚು ಹಾಕಿದರು. ಆ ಪಟ್ಟಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಪಕ್ಷಭೇದವಿಲ್ಲದೆ ಅಲ್ಲಿನ ಜನಪ್ರತಿನಿಧಿಗಳು ಬೆಚ್ಚಿಬಿದ್ದು, ಮರುವರ್ಷವೇ, 1988ರಲ್ಲಿ, ಬಾಡಿಗೆ ವಿಡಿಯೊ ಪಟ್ಟಿಯನ್ನು ಹೊರಗೆ ಬಿಡದಂತೆ ಕಾನೂನು ಮಾಡಿದರು. ನೋಟ್‌ಬುಕ್ಕಿನ ಒಂದು ಪಟ್ಟಿಗೆ ಅಷ್ಟು ಗಾಬರಿಯಾದರೆ, ಸೆಕೆಂಡ್ ಸೆಕೆಂಡಿಗೆ ಬರೆದಿಡುವ ಪಟ್ಟಿಗೆ ಎಷ್ಟು ಆಗಬೇಕು?

ನಮ್ಮ ದೇಶದಲ್ಲೂ ಇದಕ್ಕೆ ನೆಲೆಗಟ್ಟು ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ನನಗೆ ಅದರಲ್ಲಿ ಬಹಳ ಮುಖ್ಯ ಅನ್ನಿಸುವುದು ಒಂದು ಮಾತು: ನಿಮ್ಮ ಒಪ್ಪಿಗೆ ಕೇಳುವಾಗ ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಆ ಪರಿಚ್ಛೇದದಲ್ಲಿ ಕನ್ನಡ ಇದೆ. ಟಿವಿ ಸೆಟಪ್ ಮಾಡುವಾಗ ಇಂಗ್ಲಿಷಿನ ನಲವತ್ತು ಪುಟಕ್ಕೆ ಕಣ್ಣುಮುಚ್ಚಿ 'ಅಗ್ರೀ ಆಲ್' ಒತ್ತುವ ನಮ್ಮ ಅಕ್ಕತಂಗಿಯರು, ಅಪ್ಪಂದಿರು ಅದನ್ನು ಕನ್ನಡದಲ್ಲಿ ಕೇಳಬಹುದು, ಕೇಳಬೇಕು.

ಈಗ ಬಾಕ್ಸಿನ ಮಾತಿಗೆ ಬರೋಣ. ಮೊದಲು ಯಾವುದನ್ನು ತರಬಾರದು ಅನ್ನುವುದು. ಸಂತೆಯಲ್ಲಿ, ಆನ್‌ಲೈನಿನಲ್ಲಿ, ಹೆಸರೇ ಇಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳು ಬಹಳ ಸೋವಿಗೆ ಸಿಗುತ್ತವೆ. "ಎಲ್ಲಾ ಚಾನೆಲ್ ಫ್ರೀ, ಎಲ್ಲಾ ಪಿಚ್ಚರ್ ಫ್ರೀ" ಅಂತ ಮಾರುತ್ತಾರೆ. ದಯವಿಟ್ಟು ತರಬೇಡಿ. ಕಾರ್ಖಾನೆಯಿಂದ ನಮ್ಮ ಕೈಗೆ ಬರುವ ಮೊದಲೇ ಇವುಗಳ ಒಳಗೆ ಕಳ್ಳ ಸಾಫ್ಟ್‌ವೇರ್ ಸೇರಿಕೊಂಡಿದ್ದು ಬ್ಯಾಡ್‌ಬಾಕ್ಸ್ ಅನ್ನುವ ಹೆಸರಿನಲ್ಲಿ ಜಗಜ್ಜಾಹೀರಾಗಿದೆ. 2025ರ ಜೂನಿನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಇವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಜುಲೈನಲ್ಲಿ ಗೂಗಲ್ ಕೋರ್ಟಿಗೆ ಹೋದಾಗ ಇಂಥ ಸಾಧನಗಳ ಸಂಖ್ಯೆ 1 ಕೋಟಿಗೂ ಹೆಚ್ಚು ಅಂತ ಹೇಳಿತು. ಇವು ನೀವು ಮಲಗಿದಾಗಲೂ ಹಿಂದಿನಿಂದ ಜಾಹೀರಾತು ಒತ್ತುತ್ತಿರುತ್ತವೆ, ನಿಮ್ಮ ಮನೆಯ ಇಂಟರ್‌ನೆಟ್ ಸಂಪರ್ಕವನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತವೆ. ಯಾರೋ ಎಲ್ಲೋ ಕೂತು ಮಾಡಿದ ವಂಚನೆಗೆ ನಿಮ್ಮ ಮನೆಯ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಸಾಕ್ಷಿಯಾಗಿ ಸಿಗುತ್ತದೆ. ಖಾಸಗಿತನ ಹುಡುಕಿ ಹೊರಟವರಿಗೆ ಇದಕ್ಕಿಂತ ಕೆಟ್ಟ ಖರೀದಿ ಇಲ್ಲ. ಕೆಟ್ಟ ಆ್ಯಪ್‌ಗಳನ್ನು ಹಿಡಿಯುವ ಗೂಗಲಿನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂತ ಯಾವುದಾದರೂ ಬಾಕ್ಸ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಈಗ ಮನೆಯಲ್ಲಿ ಇರುವುದನ್ನೇ ಸರಿಮಾಡಿಕೊಳ್ಳುವವರಿಗೆ ಎರಡು ಮಾತು. ಗೂಗಲ್ ಟಿವಿಯಲ್ಲಿ ಖಾತೆಯ ಸೆಟ್ಟಿಂಗ್ ಒಳಗೆ 'ಆ್ಯಪ್ಸ್ ಓನ್ಲಿ ಮೋಡ್' ಇದೆ, ಹಾಕಿದರೆ ಶಿಫಾರಸುಗಳ ಸಾಲು ಸಾಲೇ ಹೋಗುತ್ತದೆ. ಮನೆಗೆ ವೈಫೈ ಕೊಡುವ ರೌಟರಿನಲ್ಲಿ ಡಿಎನ್‌ಎಸ್ ಬದಲಿಸಿದರೆ ಇನ್ನಷ್ಟು ಹಗುರಾಗುತ್ತದೆ. ಡಿಎನ್‌ಎಸ್ ಅಂದರೆ ವೆಬ್ ವಿಳಾಸದ ಹೆಸರು ಹೇಳಿದರೆ ಅದರ ಸಂಖ್ಯೆ ಹುಡುಕಿಕೊಡುವ ಸೇವೆ. ಆಡ್‌ಗಾರ್ಡ್ ಅನ್ನುವವರ ಸಾರ್ವಜನಿಕ ಡಿಎನ್‌ಎಸ್ 94.140.14.14 ಮತ್ತು 94.140.15.15. ಜಾಹೀರಾತಿನ, ಬೇಹಿನ ಸರ್ವರ್‌ಗಳ ವಿಳಾಸ ಕೇಳಿದರೆ ಇದು ಕೊಡುವುದಿಲ್ಲ. ಮನೆಯಲ್ಲೇ ಇದನ್ನು ನಡೆಸಿಕೊಳ್ಳುವವರಿಗೆ ಪೈ-ಹೋಲ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಆದರೆ ಇದರಿಂದ ಯೂಟ್ಯೂಬ್ ಜಾಹೀರಾತು ಹೋಗುವುದಿಲ್ಲ. ವಿಡಿಯೊ ಬರುವ ವಿಳಾಸದಿಂದಲೇ ಜಾಹೀರಾತೂ ಬರುತ್ತದೆ, ಒಂದನ್ನು ತಡೆದರೆ ಎರಡೂ ನಿಲ್ಲುತ್ತವೆ. ಕೆಲವು ಸಾಧನಗಳು ನಾವು ಕೊಟ್ಟ ಡಿಎನ್‌ಎಸ್ ಬಿಟ್ಟು ಗೂಗಲಿನ 8.8.8.8 ಅನ್ನೇ ಹಿಡಿಯುತ್ತವೆ. ಅಂದರೆ ಇದು ಪೂರ್ತಿ ಪರಿಹಾರವಲ್ಲ, ಆದರೂ ಒಂದು ಸಂಜೆಯ ಕೆಲಸಕ್ಕೆ ಸಿಗುವ ನೆಮ್ಮದಿ ಕಡಿಮೆಯದೇನಲ್ಲ.

ಸ್ಟಿಕ್‌ಗಳಲ್ಲಿ ನಮ್ಮಿಷ್ಟದ ಆ್ಯಪ್ ಹಾಕಿಕೊಳ್ಳುವ ದಾರಿಯೂ ಮುಚ್ಚುತ್ತಿದೆ. ಅಮೆಜಾನ್ 2025ರ ಕೊನೆಗೆ ಬಿಟ್ಟ ಹೊಸ ಸ್ಟಿಕ್‌ನಲ್ಲಿ ಆಂಡ್ರಾಯ್ಡ್ ಬಿಟ್ಟು ವೇಗಾ ಅನ್ನುವ ತನ್ನದೇ ವ್ಯವಸ್ಥೆ ಹಾಕಿದೆ. ಅದರಲ್ಲಿ ಅವರ ಅಂಗಡಿಯಿಂದಲ್ಲದೆ ಸಾಮಾನ್ಯ ಬಳಕೆದಾರರು ಯಾವ ಆ್ಯಪನ್ನೂ ಹಾಕುವಂತಿಲ್ಲ. ಹಳೆಯ ಸ್ಟಿಕ್ಕಿನ ಅನುಭವ ನೋಡಿ ಹೊಸದನ್ನು ಕೊಳ್ಳಬೇಡಿ. ಆ್ಯಪಲ್ ಟಿವಿ ಬಾಕ್ಸಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದರಲ್ಲಿ ಹೋಮ್ ಸ್ಕ್ರೀನ್ ಶಾಂತವಾಗಿದೆ, ನೆಟ್‌ಫ್ಲಿಕ್ಸ್, ಪ್ರೈಮ್‌ನಂಥ ಓಟಿಟಿಗಳು ಪೂರ್ತಿ ಗುಣಮಟ್ಟದಲ್ಲಿ ಬರುತ್ತವೆ. ತುಟ್ಟಿ, ಮತ್ತು ಮುಕ್ತವಲ್ಲ. ದುಡ್ಡಿಗೆ ತೊಂದರೆಯಿಲ್ಲದೆ, ಕೈಕೆಲಸ ಬೇಡ ಅನ್ನುವವರಿಗೆ ಅದು ಒಂದು ದಾರಿ ಅಷ್ಟೇ.

ನನಗೆ ಮನಸಾರೆ ಇಷ್ಟವಾದ ದಾರಿ ಅಂದರೆ ಕೋಡಿ. 2000ದ ದಶಕದ ಮೊದಲಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಯಂತ್ರದ ಮೇಲೆ ವಿಡಿಯೊ ನೋಡಲು ಹವ್ಯಾಸಿಗಳು ಬರೆದ ಸಾಫ್ಟ್‌ವೇರ್ ಅದು, ಮೊದಲು ಎಕ್ಸ್‌ಬಿಎಂಸಿ ಅನ್ನುವ ಹೆಸರಿತ್ತು, 2014ರಲ್ಲಿ ಕೋಡಿ ಆಯಿತು. ಇವತ್ತಿಗೂ ಸ್ವಯಂಸೇವಕರೇ ನಡೆಸುತ್ತಾರೆ, ಹಿಂದೆ ಲಾಭದ ಕಂಪನಿ ಇಲ್ಲ. ಖಾತೆ ತೆರೆಯಬೇಕಿಲ್ಲ, ಮೊಬೈಲ್ ನಂಬರ್ ಕೊಡಬೇಕಿಲ್ಲ, ಹೋಮ್ ಸ್ಕ್ರೀನಿನಲ್ಲಿ ಒಂದೂ ಜಾಹೀರಾತಿಲ್ಲ. ಲಿಬ್ರೆಎಲೆಕ್ ಅನ್ನುವುದು ಈ ಕೋಡಿಗೆ ಬೇಕಾದಷ್ಟೇ ಲಿನಕ್ಸ್ (ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಮುಕ್ತ ಸಾಫ್ಟ್‌ವೇರ್) ಜೋಡಿಸಿದ ವ್ಯವಸ್ಥೆ. ಅದನ್ನು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ಹಾಕಿದರೆ ಅದೇ ನಿಮ್ಮ ಟಿವಿ ಬಾಕ್ಸ್.

ಅದನ್ನು ಹೇಗೆ ಮಾಡುವುದು ಅಂತ ಹೇಳುತ್ತೇನೆ, ಇಲ್ಲಿ ಮೇಜಿನ ಮೇಲೆ ಒಂದನ್ನು ಇಟ್ಟಿದ್ದೇನೆ, ನೋಡುತ್ತಾ ಕೇಳಿ. ಇದು ಪೈ 4, 2019ರಲ್ಲಿ ಬಂದ ಮಾದರಿ, ಈ ಕೆಲಸಕ್ಕೆ ಧಾರಾಳ ಸಾಕು. ಲ್ಯಾಪ್‌ಟಾಪಿನಲ್ಲಿ ಲಿಬ್ರೆಎಲೆಕ್‌ನವರ ಕಾರ್ಡ್ ಬರೆಯುವ ಸಾಧನ ಇಳಿಸಿಕೊಂಡು ಮೈಕ್ರೋ ಎಸ್‌ಡಿ ಕಾರ್ಡಿಗೆ ಬರೆಯಬೇಕು. ಕಾರ್ಡನ್ನು ಬೋರ್ಡಿನ ಹೊಟ್ಟೆಯ ಕಡೆ ತಳ್ಳಬೇಕು. ಪೈ 4ರಲ್ಲಿ ಎರಡು ಎಚ್‌ಡಿಎಂಐ ಕಿಂಡಿ ಇವೆ, ಎರಡೂ ಚಿಕ್ಕವು, ಮೈಕ್ರೋ ಎಚ್‌ಡಿಎಂಐ. ಮನೆಯಲ್ಲಿರುವ ಮಾಮೂಲಿ ಕೇಬಲ್ ಹಿಡಿಯುವುದಿಲ್ಲ, ಬೇರೆಯದನ್ನೇ ತರಬೇಕು. ಆ ಎರಡರಲ್ಲಿ ಕರೆಂಟಿನ ಕಿಂಡಿಗೆ ಹತ್ತಿರ ಇರುವುದನ್ನೇ ಬಳಸಿ. ಟಿವಿಯ ರಿಮೋಟಿನಿಂದಲೇ ಪೈಯನ್ನು ನಡೆಸಲು ಅದೇ ಬೇಕು. ಎಚ್‌ಡಿಎಂಐ ಕೇಬಲ್ಲಿನ ಒಳಗೆ ಸಿಇಸಿ ಅನ್ನುವ ಒಂದು ತಂತಿ ಇರುತ್ತದೆ, ರಿಮೋಟಿನ ಸಂಜ್ಞೆ ಅದರಲ್ಲೇ ಹರಿದು ಬಾಕ್ಸಿಗೆ ಮುಟ್ಟುತ್ತದೆ. ಟಿವಿಯ ಮೆನುವಿನಲ್ಲಿ ಅದನ್ನು ಆನ್ ಮಾಡಿರಬೇಕು. ಸ್ಯಾಮ್‌ಸಂಗ್‌ನವರು ಅದನ್ನು ಎನಿನೆಟ್ ಪ್ಲಸ್ ಅನ್ನುತ್ತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಕರೆಂಟಿಗೆ 3 ಆ್ಯಂಪಿಯರ್ ಕೊಡುವ ಟೈಪ್-ಸಿ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ಪಿಚ್ಚರ್ ನಡುವೆ ಬಾಕ್ಸ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಜನ ಸಾಫ್ಟ್‌ವೇರನ್ನು ಬೈಯುತ್ತಾರೆ.

ನಮ್ಮ ಕಡೆಗೆ ಎರಡು ವಿಶೇಷ ಎಚ್ಚರಿಕೆ. ಮೊದಲನೆಯದು ಬಿಸಿಲು. ರಾಯಚೂರು, ಕೊಪ್ಪಳ, ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯ ಗಾಳಿಯೇ ಕಾದಿರುತ್ತದೆ. ಟಿವಿಯ ಹಿಂದೆ ಗಾಳಿಯಾಡದ ಕಡೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಈ ಬೋರ್ಡ್ ಇಟ್ಟರೆ ಕಾವು ಏರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ವಿಡಿಯೊ ತಡವರಿಸುತ್ತದೆ. ಇಡೀ ಕೇಸೇ ಅಲ್ಯೂಮಿನಿಯಂ ಇರುವಂಥದ್ದು ತನ್ನಿ, ಫ್ಯಾನಿನ ಗದ್ದಲವೂ ಇರುವುದಿಲ್ಲ, ಫ್ಯಾನಿಗೆ ದೂಳು ಹಿಡಿಯುವ ತಾಪತ್ರಯವೂ ಇಲ್ಲ. ಎರಡನೆಯದು ಕರೆಂಟು. ಬರೆಯುತ್ತಿರುವಾಗ ಕರೆಂಟು ಹೋದರೆ ಎಸ್‌ಡಿ ಕಾರ್ಡು ಕೆಡುತ್ತದೆ. ಬಾಕ್ಸನ್ನು ಇನ್ವರ್ಟರ್ ಲೈನಿಗೆ ಕೊಡಿ, ಮತ್ತು ಎಲ್ಲ ಸರಿಹೋದ ಮೇಲೆ ಕಾರ್ಡಿನ ಒಂದು ನಕಲು ಮಾಡಿ ಕಪಾಟಿನಲ್ಲಿ ಇಟ್ಟುಕೊಳ್ಳಿ. ಕೆಟ್ಟ ದಿನ ಕಾರ್ಡ್ ಬದಲಿಸಿದರೆ ಮುಗಿಯಿತು.

ಬೆಲೆಯ ವಿಷಯ ನೇರವಾಗಿ ಹೇಳುತ್ತೇನೆ. ಬೋರ್ಡು, ಅಡಾಪ್ಟರ್, ಕೇಸು, ಕಾರ್ಡು, ಕೇಬಲ್ ಎಲ್ಲ ಸೇರಿದರೆ ಕಂಪನಿಯ ಸ್ಟಿಕ್‌ಗಿಂತ ಹೆಚ್ಚೇ ಬೀಳುತ್ತದೆ. ಮೆಮೊರಿ ಚಿಪ್ ತುಟ್ಟಿಯಾದ ಮೇಲಂತೂ ಪೈ ಬೆಲೆಯೂ ಏರಿದೆ. ಸ್ಟಿಕ್ಕಿನ ಬೆಲೆಯಲ್ಲಿ ಒಂದು ಪಾಲನ್ನು ಜಾಹೀರಾತುದಾರ ಕಟ್ಟಿದ್ದಾನೆ, ಇಲ್ಲಿ ಪೂರ್ತಿ ನಾವೇ ಕಟ್ಟುತ್ತೇವೆ.

ಅದಕ್ಕೇ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ನಾನು ಸೂಚಿಸುವುದು ಹಳೆಯ ಆಫೀಸ್ ಕಂಪ್ಯೂಟರ್. ಡೆಲ್, ಲೆನೊವೊ, ಎಚ್‌ಪಿಯವರ ಪುಸ್ತಕದಷ್ಟು ದಪ್ಪದ ಮಿನಿ ಪಿಸಿಗಳು ಬೆಂಗಳೂರು, ಹೈದರಾಬಾದಿನ ಆಫೀಸುಗಳಿಂದ ಹೊರಬಿದ್ದು ರಿಫರ್ಬಿಶ್ಡ್ ಅಂಗಡಿಗಳಿಗೆ ಬರುತ್ತಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು, ಇಂಟೆಲಿನ 7ನೇ ತಲೆಮಾರಿನ ಮತ್ತು ಅದಕ್ಕೂ ಹಳೆಯ ಯಂತ್ರಗಳಲ್ಲಿ ಬಹುತೇಕ ಎಲ್ಲವನ್ನೂ ವಿಂಡೋಸ್ 11 ಒಪ್ಪುವುದಿಲ್ಲ. ಆಫೀಸಿಗೆ ಅವು ನಿರುಪಯೋಗಿ. ನಮಗೆ ಆ 7ನೇ ತಲೆಮಾರಿನದೇ ಬಂಗಾರ, ಯಾಕಂದರೆ ಈಗಿನ ಎಚ್‌ಇವಿಸಿ 10-ಬಿಟ್ ಮತ್ತು ಯೂಟ್ಯೂಬಿನ ವಿಪಿ9 ಅನ್ನುವ ರೀತಿಯಲ್ಲಿ ಕುಗ್ಗಿಸಿದ ವಿಡಿಯೊಗಳನ್ನು ಚಿಪ್ಪಿನೊಳಗೇ ಬಿಡಿಸುವ ಶಕ್ತಿ ಇಂಟೆಲಿನಲ್ಲಿ ಅಲ್ಲಿಂದ ಪೂರ್ತಿ ಬಂತು. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿ, ಫೈರ್‌ಫಾಕ್ಸ್ ಬ್ರೌಸರಿಗೆ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಸೇರಿಸಿ. ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ: ಎಷ್ಟೋ ಯಂತ್ರಗಳಲ್ಲಿ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ, ಪರಿವರ್ತಕ ಬೇಕಾಗುತ್ತದೆ. ಇಂಥ ಪಿಸಿಗಳಲ್ಲಿ ಸಾಮಾನ್ಯವಾಗಿ ಸಿಇಸಿ ಇರುವುದಿಲ್ಲ, ಆದ್ದರಿಂದ ಟಿವಿ ರಿಮೋಟ್ ನಡೆಯುವುದಿಲ್ಲ. ಕೈಯಲ್ಲಿ ಹಿಡಿದು ಆಡಿಸುವ ಏರ್ ಮೌಸ್ ರಿಮೋಟೋ, ಪುಟ್ಟ ವೈರ್‌ಲೆಸ್ ಕೀಬೋರ್ಡೋ ಬೇಕು. ಯೂಟ್ಯೂಬ್ ಹೆಚ್ಚು ನೋಡುವವರಿಗೆ ಪೈಗಿಂತ ಇದೇ ಸರಿ. ಕೋಡಿಯಲ್ಲಿ ಯೂಟ್ಯೂಬ್ ತರಿಸಲು ಗೂಗಲಿನಿಂದ ಎಪಿಐ ಕೀ ಅನ್ನುವ ಗುರುತಿನ ಸಂಕೇತ ಪಡೆಯುವ ರಗಳೆ ಇದೆ.

ಜಾಹೀರಾತು ತಡೆದರೆ ಕನ್ನಡದಲ್ಲಿ ಕಷ್ಟಪಟ್ಟು ವಿಡಿಯೊ ಮಾಡುವವರ ಹೊಟ್ಟೆಗೆ ಹೊಡೆದ ಹಾಗಾಗುವುದಿಲ್ಲವೇ ಅಂತ ಕೇಳಿದರೆ, ಆಗುತ್ತದೆ. ಯೂಟ್ಯೂಬಿನ ನಿಯಮಕ್ಕೂ ಅದು ವಿರುದ್ಧ. ನಿತ್ಯ ನೋಡುವ ಮನೆಯವರು ಸಾಧ್ಯವಿದ್ದರೆ ಜಾಹೀರಾತಿಲ್ಲದ ಯೂಟ್ಯೂಬ್ ಪ್ರೀಮಿಯಂ ಚಂದಾ ಕಟ್ಟಲಿ, ಇಲ್ಲವೇ ಮೆಚ್ಚಿದ ಚಾನೆಲ್ಲಿನ ಸದಸ್ಯರಾಗಲಿ. ನನ್ನ ಜಗಳ ಬೇಹುಗಾರಿಕೆಯ ಜೊತೆ, ದುಡಿದವರಿಗೆ ದುಡ್ಡು ಹೋಗುವುದರ ಜೊತೆ ಅಲ್ಲ. ಕೋಡಿಗೆ ಕಳ್ಳ ಪಿಚ್ಚರ್ ತೋರಿಸುವ ಆಡ್‌ಆನ್, ಅಂದರೆ ಮೇಲಿಂದ ಸೇರಿಸುವ ಪುಟ್ಟ ಸಾಫ್ಟ್‌ವೇರ್, ಹಾಕಿಕೊಡುವವರೂ ಇದ್ದಾರೆ. ಅದನ್ನು ಮಾಡಬೇಡಿ. ಕಾನೂನು ಒಂದು ಕಡೆ ಇರಲಿ, ಆ ಆಡ್‌ಆನ್ ಬರೆದವರು ಒಳಗೆ ಏನು ಸೇರಿಸಿದ್ದಾರೋ ನೋಡಿದವರಿಲ್ಲ.

ಓಟಿಟಿ ವಿಷಯದಲ್ಲಿ ಈ ಮುಕ್ತ ದಾರಿಗಳು ಸೋಲುತ್ತವೆ. ನೆಟ್‌ಫ್ಲಿಕ್ಸ್, ಪ್ರೈಮ್, ಜಿಯೋಹಾಟ್‌ಸ್ಟಾರ್ ತಮ್ಮ ವಿಡಿಯೊಗೆ ಬೀಗ ಹಾಕಿ ಕಳಿಸುತ್ತವೆ. ಆ ಬೀಗದ ಹೆಸರು ವೈಡ್‌ವೈನ್, ಗೂಗಲಿನದು. ಅದರ ಎಲ್1 ಅನ್ನುವ ಮಟ್ಟಕ್ಕೆ ಚಿಪ್ಪಿನೊಳಗೇ ಸುರಕ್ಷಿತ ಜಾಗ ಬೇಕು, ಕಂಪನಿಗಳ ಪ್ರಮಾಣಪತ್ರ ಬೇಕು. ಲಿನಕ್ಸ್ ಬ್ರೌಸರಿಗೆ ಸಿಗುವುದು ಎಲ್3. ಹಾಗಾಗಿ ಅದೇ ಚಂದಾ ಕಟ್ಟಿದ್ದರೂ ಕೆಲವು ಓಟಿಟಿಗಳು ನಿಮಗೆ ಕಡಿಮೆ ಗುಣಮಟ್ಟದ ಚಿತ್ರ ಕಳಿಸುತ್ತವೆ, 4ಕೆ ಅಂತೂ ಇಲ್ಲ. 32 ಇಂಚಿನ ಟಿವಿಯಲ್ಲಿ ಬಹಳ ಜನಕ್ಕೆ ವ್ಯತ್ಯಾಸ ಕಾಣುವುದಿಲ್ಲ, 55 ಇಂಚಿನಲ್ಲಿ ಕಾಣುತ್ತದೆ. ಓಟಿಟಿಯೇ ಮುಖ್ಯವಾದ ಮನೆಯಲ್ಲಿ ಪ್ರಮಾಣಿತ ಬಾಕ್ಸ್ ಒಂದನ್ನು ಇಟ್ಟುಕೊಂಡು, ಅದನ್ನು ಅದಕ್ಕಷ್ಟೇ ಬಳಸಿ, ಮೈಕ್, ಜಾಹೀರಾತು ಐಡಿ (ಜಾಹೀರಾತುದಾರರಿಗೆ ನಿಮ್ಮ ಬಾಕ್ಸ್ ಗುರುತಿಸಿಕೊಡುವ ಸಂಖ್ಯೆ) ಎಲ್ಲ ಆಫ್ ಮಾಡಿ, ಟಿವಿಯನ್ನು ವೈಫೈಯಿಂದ ದೂರ ಇಡುವುದು ನಡೆಯಬಲ್ಲ ರಾಜಿ.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರದ ವಿಷಯ ಇನ್ನೊಂದು. ನಮ್ಮ ಮನೆಗಳಲ್ಲಿ ನಮ್ಮದೇ ಅನ್ನುವ ಎಷ್ಟು ವಿಡಿಯೊ ಇವೆ ಯೋಚಿಸಿ. ಮದುವೆಯ ಡಿವಿಡಿ, ಗವಿಮಠದ ಜಾತ್ರೆಗೆ ಹೋದಾಗ ಮೊಬೈಲಿನಲ್ಲಿ ತೆಗೆದದ್ದು, ಊರಿನ ಬಯಲಾಟ ರಾತ್ರಿಯಿಡೀ ನಡೆದಾಗ ಯಾರೋ ರೆಕಾರ್ಡ್ ಮಾಡಿದ್ದು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಅಂಥ ಹಿರಿಯರ ಆಟದ ರೆಕಾರ್ಡಿಂಗ್ ಯಾರದೋ ಮೊಬೈಲಿನಲ್ಲಿ, ಯಾರದೋ ಮೆಮೊರಿ ಕಾರ್ಡಿನಲ್ಲಿ ಬಿದ್ದಿರುತ್ತದೆ, ಮೊಬೈಲ್ ಕೆಟ್ಟ ದಿನ ಹೋಗಿಬಿಡುತ್ತದೆ. ಇವನ್ನೆಲ್ಲ ಒಂದು ಹಾರ್ಡ್‌ಡಿಸ್ಕಿಗೆ ತುಂಬಿ ಆ ಮಿನಿ ಪಿಸಿಗೆ ಜೋಡಿಸಿ, ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್ ಹಾಕಿ. ಮನೆಯ ಪ್ರತಿ ಟಿವಿ, ಪ್ರತಿ ಮೊಬೈಲಿನಲ್ಲೂ ಪೋಸ್ಟರ್ ಸಮೇತ ಸಾಲಾಗಿ ಕಾಣುತ್ತವೆ, ಇಂಟರ್‌ನೆಟ್ ಕಡಿದರೂ ಓಡುತ್ತವೆ. ಎಂಬಿ ಅನ್ನುವ ಸಾಫ್ಟ್‌ವೇರಿನವರು 2018ರಲ್ಲಿ ತಮ್ಮ ಸಾಫ್ಟ್‌ವೇರಿನ ಮೂಲ ಬರಹವನ್ನು (ಸೋರ್ಸ್ ಕೋಡ್) ಬೇರೆಯವರಿಗೆ ಸಿಗದಂತೆ ಮುಚ್ಚಿಕೊಂಡಾಗ, ಅದರ ಹಿಂದಿನ ಮುಕ್ತ ಆವೃತ್ತಿಯನ್ನು ಹಿಡಿದು ಸ್ವಯಂಸೇವಕರು ಬೆಳೆಸಿದ್ದು ಈ ಜೆಲ್ಲಿಫಿನ್. ಹಾರ್ಡ್‌ಡಿಸ್ಕ್ ಎರಡು ಇಟ್ಟುಕೊಳ್ಳಿ, ಒಂದು ಬೇರೆ ಮನೆಯಲ್ಲಿರಲಿ.

ಇಂಟರ್‌ನೆಟ್ಟೇ ಬೇಡ ಅನ್ನುವವರಿಗೆ ಹಳ್ಳಿಯ ಮಾಳಿಗೆ ಮೇಲೆಲ್ಲ ಕಾಣುವ ಡಿಡಿ ಫ್ರೀ ಡಿಶ್ ಇದ್ದೇ ಇದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು. ಜಿಸ್ಯಾಟ್-15 ಉಪಗ್ರಹದಿಂದ, 93.5 ಡಿಗ್ರಿ ಪೂರ್ವದಿಂದ ಬರುತ್ತದೆ. ಬಾಕ್ಸು, ಛತ್ರಿಗೆ ಒಮ್ಮೆ ದುಡ್ಡು ಹಾಕಿದರೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತದೆ. ಇದರ ದೊಡ್ಡ ಗುಣವನ್ನು ಯಾರೂ ಹೇಳುವುದಿಲ್ಲ: ಸಂಜ್ಞೆ ಮೇಲಿನಿಂದ ಕೆಳಗೆ ಮಾತ್ರ ಬರುತ್ತದೆ, ಕೆಳಗಿನಿಂದ ಮೇಲೆ ಹೋಗುವ ದಾರಿಯೇ ಇಲ್ಲ. ಕುಷ್ಟಗಿಯ ಒಂದು ಮನೆಯಲ್ಲಿ ಯಾವ ಚಾನೆಲ್ ಹಚ್ಚಿದ್ದಾರೆ ಅನ್ನುವುದು ಉಪಗ್ರಹಕ್ಕೂ ಗೊತ್ತಾಗುವುದಿಲ್ಲ, ದೆಹಲಿಗೂ ಗೊತ್ತಾಗುವುದಿಲ್ಲ. ಜಾಹೀರಾತು ಮಾತ್ರ ಇರುತ್ತದೆ, ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಮೀರಬಾರದು. ಆದರೆ ಅದು ಎಲ್ಲರಿಗೂ ಒಂದೇ ಜಾಹೀರಾತು. ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಸಾಲ ಬೇಕಾಗಿದೆ ಅಂತ ತಿಳಿದುಕೊಂಡು ಬರುವ ಜಾಹೀರಾತಲ್ಲ.

ಕೊನೆಗೆ ಪ್ರಶ್ನೆಗಳು ಬಂದವು. ಭಾಗ್ಯನಗರದ ಒಬ್ಬ ತಾಯಿ ಕೇಳಿದ್ದನ್ನು ಇಲ್ಲಿ ಬರೆಯಬೇಕು. "ಇದೆಲ್ಲಾ ನೀವ್ ಮಾಡ್ತೀರಿ ಖರೆ, ನಮ್ಮ ಅತ್ತಿಯವ್ರಿಗೆ ಬರೂದಿಲ್ರಿ. ಅವ್ರಿಗೆ ಚಾಲೂ ಮಾಡಿದ್ ಕೂಡ್ಲೇ ಪ್ರವಚನ ಕಾಣಬೇಕು." ನಿಜವಾದ ಪರೀಕ್ಷೆ ಇದೇ ಅಮ್ಮ. ಕೋಡಿಯ ಮೊದಲ ಮೆನುವಿನಲ್ಲಿ ಹತ್ತಾರು ಸಾಲುಗಳಿರುತ್ತವೆ: ಮೂವೀಸ್, ಟಿವಿ ಶೋಸ್, ಮ್ಯೂಸಿಕ್, ಗೇಮ್ಸ್, ವೆದರ್. ಸೆಟ್ಟಿಂಗಿನ ಇಂಟರ್‌ಫೇಸ್ ಒಳಗೆ ಸ್ಕಿನ್ ಕಾನ್ಫಿಗರ್ ಅನ್ನುವಲ್ಲಿ ಹೋಗಿ ಅವನ್ನೆಲ್ಲ ತೆಗೆದುಬಿಡಬಹುದು. 'ಫೇವರಿಟ್ಸ್' ಒಂದನ್ನು ಉಳಿಸಿ, ಅದರೊಳಗೆ ಪ್ರವಚನದ ಫೋಲ್ಡರ್, ಭಜನೆಯ ಫೋಲ್ಡರ್, ಮೊಮ್ಮಕ್ಕಳ ವಿಡಿಯೊದ ಫೋಲ್ಡರ್ ಇಡಿ. ಅತ್ತೆಯವರಿಗೆ ಟಿವಿಯ ಹಳೆಯ ರಿಮೋಟೇ ಸಾಕು, ಬಾಣದ ಗುಂಡಿ ಮತ್ತು ಓಕೆ. ಅವರು ಪ್ರವಚನ ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಎದ್ದರೂ, ಮರುದಿನ ಅಲ್ಲಿಂದಲೇ ಮುಂದುವರಿಸುವುದೋ ಅಂತ ಅದೇ ಕೇಳುತ್ತದೆ.

ಇನ್ನೊಬ್ಬರು, ಖರ್ಚಿಲ್ಲದೆ ಇವತ್ತು ರಾತ್ರಿಯೇ ಮಾಡಬಹುದಾದ್ದು ಯಾವುದು ಅಂದರು. ಮನೆಗೆ ಹೋಗಿ ಟಿವಿಯ ಸೆಟ್ಟಿಂಗ್ ತೆರೆಯಿರಿ, ಪ್ರೈವೆಸಿ ಅಥವಾ ಟರ್ಮ್ಸ್ ಅನ್ನುವ ಪುಟಕ್ಕೆ ಹೋಗಿ, ಟಿಕ್ ಆಗಿರುವುದನ್ನೆಲ್ಲ ಒಂದೊಂದಾಗಿ ಓದಿ ತೆಗೆಯಿರಿ. ಟಿವಿಗೆ ಬೇರೆ ಬಾಕ್ಸ್ ಇದ್ದರೆ ವೈಫೈಯನ್ನೂ ಬಿಡಿಸಿ. ಆಮೇಲೆ ಏನಾದರೂ ಓಡದೆ ಹೋದರೆ, ಯಾವ ಆ್ಯಪ್, ಯಾವ ಟಿವಿ ಅಂತ ಬರೆದುಕೊಂಡು ಬನ್ನಿ. ಈ ಮೇಜಿನ ಮೇಲಿನ ಪೈಯನ್ನೂ ಪಕ್ಕದ ಮಿನಿ ಪಿಸಿಯನ್ನೂ ಈಗ ಟಿವಿಗೆ ಹಚ್ಚುತ್ತೇನೆ, ರಿಮೋಟ್ ಕೈಗೆ ತಗೊಂಡು ನೀವೇ ನಡೆಸಿ ನೋಡಿ.